ರೋಪ್ ಫಿಶ್: ಶ್ವಾಸಕೋಶವಿರುವ ಮೀನು, ಕಲಬುರಗಿಯ ಬೇಸಿಗೆ

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮದು ಕಲಬುರಗಿ. ಮಗ ಸೂಟಿಗೆ ಹೈದರಾಬಾದಿಗೆ ಹೋದಾಗ ಅಲ್ಲಿಂದ ಎರಡು ‘ರೋಪ್ ಫಿಶ್’ ತಂದಾನ. ನೋಡ್ಲಿಕ್ಕೆ ಹಾವಿನ ಮರಿ ಇದ್ದಂಗ ಅವ, ಒಂದೊಂದು ಗೇಣುದ್ದ. ಎರಡು ಫೂಟಿನ ಟ್ಯಾಂಕಿನಾಗ ಗಪ್ಪಿ, ನಿಯಾನ್ ಟೆಟ್ರಾ ಜೋಡಿ ಬಿಟ್ಟಿದ್ವಿ. ಹದಿನೈದು ದಿನದಾಗ ಸಣ್ಣ ಮೀನೆಲ್ಲಾ ಮಾಯ. ಅಂಗಡಿಯ ಕಾಳಿನಂಥ ಆಹಾರ ಹಾಕಿದ್ರ ಮೂಸಿನೂ ನೋಡಂಗಿಲ್ಲ. ಆಗಾಗ ಮ್ಯಾಲ ಬಂದು ಗಾಳಿ ನುಂಗಿ ಹೋಗ್ತಾವ, ಆಕ್ಸಿಜನ್ ಕಡಿಮಿ ಆಗೇದೇನು? ಹೋದ ವಾರ ಒಂದು ಮೀನು ಮಂಚದ ಕೆಳಗ ಸಿಕ್ಕಿತು. ಜೀವ ಇತ್ತು, ತಿರುಗಿ ನೀರಿಗೆ ಬಿಟ್ವಿ. ಇನ್ನ ಬ್ಯಾಸಗಿ ಬರ್ಲಿಕತ್ತದ. ಭೀಮಾ ಹೊಳಿ ಹಾವುಮೀನನ್ನೂ ಇವುಗಳ ಜೋಡಿ ಇಡಬೇಕಂತ ಮಗ ಹಟ ಹಿಡದಾನ. ಏನು ಮಾಡಬೇಕ್ರಿ?

ಉತ್ತರ: ನೋಡ್ರಿ ತಾಯಿ, ಆ ಗಾಳಿ ನುಂಗುವ ಮಾತಿನಿಂದಲೇ ಶುರು ಮಾಡುತ್ತೇನೆ. ಮಂಚದ ಕೆಳಗೆ ಸಿಕ್ಕಿದ್ದಕ್ಕೂ ಬೇಸಿಗೆಯ ಚಿಂತೆಗೂ ಉತ್ತರ ಅಲ್ಲೇ ಇದೆ. ಈ ಮೀನಿಗೆ ಕಿವಿರುಗಳ ಜೊತೆಗೆ ಒಂದು ಜೋಡಿ ಶ್ವಾಸಕೋಶವೂ ಇದೆ. ಗಪ್ಪಿಯೋ ಗೋಲ್ಡ್ ಫಿಶ್ಶೋ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಎಂದು ತಿಳಿಯಬೇಕು. ರೋಪ್ ಫಿಶ್ ಮೇಲೆ ಬರುವುದು ಅದರ ಹುಟ್ಟುಗುಣ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದರ ಉಸಿರಾಟವನ್ನು ಅಳೆದು ನೋಡಿದ್ದಾರೆ. ಅದು ಪಡೆಯುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 40 ಪಾಲು ಶ್ವಾಸಕೋಶದಿಂದ ಬರುತ್ತದೆ. ಉಳಿದದ್ದನ್ನು ಚರ್ಮ ಮತ್ತು ಕಿವಿರು ಹಂಚಿಕೊಳ್ಳುತ್ತವೆ, ಅದರಲ್ಲೂ ಚರ್ಮದ ಪಾಲು ಕಿವಿರಿಗಿಂತ ತುಸು ಹೆಚ್ಚು. ಕೆಲವು ನಿಮಿಷಕ್ಕೊಮ್ಮೆ ಮೇಲೆ ಬಂದು, ಒಂದು ಗುಟುಕು ಗಾಳಿ ತೆಗೆದುಕೊಂಡು, ಕೆಳಗಿಳಿದು ಶಾಂತವಾಗಿ ಮಲಗಿದರೆ ಏನೂ ಚಿಂತೆಯಿಲ್ಲ. ನೀರಿನ ಮಟ್ಟವನ್ನು ಮಾತ್ರ ಮುಚ್ಚಳದವರೆಗೆ ತುಂಬಬೇಡಿ. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಇಂಚು ಗಾಳಿ ಯಾವಾಗಲೂ ಇರಲಿ.

ನೋಡಲು ಹಾವಿನಂತಿದ್ದರೂ ಇದು ಈಲ್, ಅಂದರೆ ಹಾವಿನಂಥ ಉದ್ದನೆಯ ಮೀನುಗಳ ಜಾತಿಯದಲ್ಲ. ಬಿಚಿರ್ ಎಂಬ ಬಹಳ ಹಳೆಯ ಮೀನುಕುಲಕ್ಕೆ ಸೇರಿದ್ದು. ವೈಜ್ಞಾನಿಕ ಹೆಸರು ಎರ್ಪೆಟೊಯಿಕ್ತಿಸ್ ಕಲಬಾರಿಕಸ್. ನೈಜೀರಿಯಾದ ಕಲಬಾರ್ ಪ್ರದೇಶದ ಮಾದರಿಗಳನ್ನು ನೋಡಿ ಜಾನ್ ಅಲೆಕ್ಸಾಂಡರ್ ಸ್ಮಿತ್ 1865ರಲ್ಲಿ ಇದನ್ನು ವರ್ಣಿಸಿದರು. ನೈಜೀರಿಯಾ, ಬೆನಿನ್, ಕ್ಯಾಮರೂನ್ ದೇಶಗಳಲ್ಲಿ ಹರಿವು ಮಂದವಾದ, ಜೊಂಡು ಬೆಳೆದ ನೀರಿನಲ್ಲಿ ಇದರ ವಾಸ. ಮೈತುಂಬ ಕವಚದಂಥ ಗಟ್ಟಿ ಹುರುಪೆ, ಹೊಟ್ಟೆಯ ಕೆಳಗೆ ಈಜುರೆಕ್ಕೆಯೇ ಇಲ್ಲ, ಮೂತಿಯ ತುದಿಯಲ್ಲಿ ಎರಡು ಪುಟ್ಟ ಕೊಳವೆಯಂಥ ಮೂಗಿನ ಹೊಳ್ಳೆ. ಬೆಳೆದರೆ ಒಂದು ಫೂಟನ್ನು ದಾಟುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ. ಮಗ ಶಾಲೆ ಮುಗಿಸಿ ಕಾಲೇಜು ಸೇರುವಾಗಲೂ ಈ ಮೀನು ಮನೆಯಲ್ಲಿ ಇರುತ್ತದೆ ಎಂಬುದನ್ನು ಅವನಿಗೆ ಈಗಲೇ ಹೇಳಿಬಿಡಿ.

ನಿಮ್ಮ ಹತ್ತಿರ ಇರುವುದು ನಿಜಕ್ಕೂ ರೋಪ್ ಫಿಶ್ಶೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಉದ್ದನೆಯ ಮೀನೆಲ್ಲವನ್ನೂ ಅಂಗಡಿಯಲ್ಲಿ ಈಲ್ ಅಂತಲೇ ಮಾರುವುದುಂಟು. ಬೆನ್ನಿನ ಹಿಂಭಾಗದಲ್ಲಿ ಬಿಡಿ ಬಿಡಿಯಾದ ಸಣ್ಣ ರೆಕ್ಕೆಗಳು ಗರಗಸದ ಹಲ್ಲಿನಂತೆ ಸಾಲಾಗಿ ನಿಂತಿದ್ದರೆ ರೋಪ್ ಫಿಶ್. ಮೂತಿ ಚೂಪಾಗಿ ಮುಂದೆ ಚಾಚಿದ್ದು, ಮೀನು ಮರಳಿನಲ್ಲಿ ಹೂತುಕೊಂಡು ತಲೆಯನ್ನಷ್ಟೇ ಹೊರಗಿಡುತ್ತಿದ್ದರೆ ಅದು ಮುಳ್ಳು ಈಲ್‌ಗಳ ಗುಂಪಿನದು. ಕೆಂಪು ಗೆರೆಗಳ ಫೈರ್ ಈಲ್ ಆ ಗುಂಪಿನದೇ. ಅದು ಒಂದು ಮೀಟರ್‌ವರೆಗೆ ಬೆಳೆಯುವ ಮೀನು, ಅದಕ್ಕೆ ಬೇಕಾಗುವ ಏರ್ಪಾಡೇ ಬೇರೆ. ನೀವು ಬರೆದ ಲಕ್ಷಣ ನೋಡಿದರೆ ನಿಮ್ಮದು ರೋಪ್ ಫಿಶ್ಶೇ ಅನಿಸುತ್ತದೆ.

ಈಗ ಮಂಚದ ಕೆಳಗೆ ಸಿಕ್ಕಿದ್ದಕ್ಕೆ ಬರೋಣ. ಈ ಮೀನು ನೀರಿನಿಂದ ಹೊರಬರುವುದು ಅಪಘಾತ ಅಲ್ಲ, ಅದಕ್ಕೆ ಅಂಥ ಶಕ್ತಿ ಇದೆ. ನೆಲದ ಮೇಲಿಟ್ಟ ತಿನಿಸನ್ನು ಹಿಡಿದು ನುಂಗಬಲ್ಲದು ಎಂಬುದನ್ನು 2017ರಲ್ಲಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಇದರ ಹತ್ತಿರದ ಸಂಬಂಧಿ ಸೆನೆಗಲ್ ಬಿಚಿರ್‌ನ ಮರಿಗಳನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸುಮಾರು 8 ತಿಂಗಳು ನೆಲದ ಮೇಲೆಯೇ ಸಾಕಿದರು. 2014ರಲ್ಲಿ ಪ್ರಕಟವಾದ ಆ ಪ್ರಯೋಗದ ಮರಿಗಳು ನಡಿಗೆಯನ್ನೂ ಸುಧಾರಿಸಿಕೊಂಡವು. ಆದರೆ ಅಲ್ಲಿ ಮೈ ಒಣಗದಂತೆ ತೇವ ಕಾಪಾಡಿದ್ದರು. ನಮ್ಮ ಊರಿನ ಗಾಳಿ ಹಾಗಿಲ್ಲ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಒಣಹಾಕಿದ ಬಟ್ಟೆ ಗಂಟೆಯೊಳಗೆ ಗರಿಗರಿ ಆಗುವ ಗಾಳಿ ಇದು. ಚರ್ಮದಿಂದಲೂ ಉಸಿರಾಡುವ ಮೀನಿನ ಮೈ ಒಣಗಿತೆಂದರೆ ಶ್ವಾಸಕೋಶವೊಂದೇ ಅದನ್ನು ಉಳಿಸಲಾರದು. ನಿಮ್ಮ ಮೀನು ಬದುಕಿದ್ದು ಬೇಗ ಕಣ್ಣಿಗೆ ಬಿದ್ದದ್ದರಿಂದ. ಏಪ್ರಿಲ್ ತಿಂಗಳಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ.

ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ ಮುಚ್ಚಳದ್ದು. ತಲೆ ತೂರುವಷ್ಟು ಜಾಗ ಸಿಕ್ಕರೆ ಉಳಿದ ಮೈ ಹಿಂದೆಯೇ ಬರುತ್ತದೆ. ನಿಮ್ಮ ಕಿರುಬೆರಳು ಹೋಗುವ ಸಂದಿ ಇದ್ದರೆ ಅದು ಬಾಗಿಲು ಎಂದೇ ತಿಳಿಯಿರಿ. ಏರ್ ಪಂಪಿನ ನಳಿಗೆ, ಹೀಟರಿನ ವೈರು, ಫಿಲ್ಟರಿನ ಪೈಪು ಒಳಹೋಗುವ ಮೂಲೆಗಳಲ್ಲೇ ಇವು ಪಾರಾಗುವುದು. ಅಲ್ಲೆಲ್ಲ ಒರಟು ಸ್ಪಂಜನ್ನು ಕತ್ತರಿಸಿ ಬಿಗಿಯಾಗಿ ತುರುಕಿ. ಮೇಲೆ ಕೂರಿಸುವ ಡಬ್ಬಿಯಂಥ ಫಿಲ್ಟರ್ ಇದ್ದರೆ ಅದನ್ನು ತೆಗೆದು ಸ್ಪಂಜ್ ಫಿಲ್ಟರ್ ಹಾಕಿ. ನೀರು ಬೀಳುವ ದಾರಿ ಹಿಡಿದು ಅದರೊಳಗೇ ಏರಿ ಕೂರುವ ಚಾಳಿ ಈ ಮೀನಿಗೆ ಇದೆ. ಗಾಜಿನ ಮುಚ್ಚಳವನ್ನು ಅದು ಮೂತಿಯಿಂದ ತಳ್ಳಿ ಸರಿಸಬಲ್ಲದು, ಆದ್ದರಿಂದ ಕ್ಲಿಪ್ ಹಾಕಿ, ಇಲ್ಲವೇ ಮೂಲೆಗಳ ಮೇಲೆ ತೂಕ ಇಡಿ.

ಮತ್ತೆ ಎಂದಾದರೂ ನೆಲದ ಮೇಲೆ ಸಿಕ್ಕರೆ ಒಣ ಕೈಯಿಂದ ಎತ್ತಬೇಡಿ. ಕೈಯನ್ನು ಟ್ಯಾಂಕಿನ ನೀರಿನಲ್ಲೇ ಒದ್ದೆ ಮಾಡಿಕೊಳ್ಳಿ, ಅಥವಾ ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ. ಧೂಳು ಅಂಟಿದ್ದರೆ ಟ್ಯಾಂಕಿನ ನೀರನ್ನೇ ಮಗ್ಗಿನಲ್ಲಿ ತೆಗೆದು ತೊಳೆಯಿರಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಔಷಧಿಯನ್ನೇನೂ ಸುರಿಯಬೇಡಿ. ತಾಮ್ರ, ಫಾರ್ಮಲಿನ್, ಮಲಕೈಟ್ ಗ್ರೀನ್ ಇರುವ ದ್ರಾವಣಗಳನ್ನು ಬಿಚಿರ್ ಕುಲದ ಮೀನುಗಳು ಸಹಿಸುವುದು ಕಷ್ಟ. ದೀಪ ಆರಿಸಿ ಒಂದು ದಿನ ಸುಮ್ಮನೆ ಬಿಟ್ಟರೆ ಸಾಕು.

ಅದು ಹೊರಗೆ ಹೋದದ್ದು ಏಕೆ ಎಂಬುದನ್ನೂ ವಿಚಾರಿಸಬೇಕು. ಹೊಸ ಜಾಗದ ಗಾಬರಿ ಇರಬಹುದು, ಹಸಿವಿರಬಹುದು. ನನಗೆ ಹೆಚ್ಚು ಅನುಮಾನ ನೀರಿನ ಮೇಲೆ. ಗಾಳಿ ಉಸಿರಾಡುವ ಮೀನು ಕೆಟ್ಟ ನೀರಿನಲ್ಲೂ ಬಹಳ ದಿನ ಆರೋಗ್ಯವಾಗಿರುವಂತೆ ಕಾಣುತ್ತದೆ. ಬೇರೆ ಮೀನು ಏದುಸಿರು ಬಿಟ್ಟು ನಮ್ಮನ್ನು ಎಚ್ಚರಿಸುತ್ತದೆ, ಇದು ಎಚ್ಚರಿಸುವುದಿಲ್ಲ. ಶ್ವಾಸಕೋಶ ಇದ್ದರೂ ಕಿವಿರು ಮತ್ತು ಚರ್ಮ ಸದಾ ಆ ನೀರಿನಲ್ಲೇ ಇರುತ್ತವಲ್ಲ, ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಅವನ್ನು ಒಳಗೊಳಗೇ ಸುಡುತ್ತಿರುತ್ತದೆ. ಆಮೇಲೆ ಒಂದು ಬೆಳಿಗ್ಗೆ ಮೀನು ಸತ್ತಿರುತ್ತದೆ, ಮನೆಯವರು ‘ನಿನ್ನೆ ಚೆನ್ನಾಗಿಯೇ ಇತ್ತಲ್ಲ’ ಅನ್ನುತ್ತಾರೆ. ಈ ಮೀನನ್ನು ಕಳೆದುಕೊಂಡವರಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದೇ, ಪ್ರತಿ ಸಲವೂ ಸಂಕಟವಾಗುತ್ತದೆ.

ನಮ್ಮ ಕಡೆ ಈ ಅಪಾಯ ಇನ್ನೂ ಹೆಚ್ಚು. ಶಹಾಬಾದ್, ಸೇಡಂ, ಚಿತ್ತಾಪುರದ ನೆಲವೆಲ್ಲ ಸುಣ್ಣದ ಕಲ್ಲು. ಅಂಥ ನೆಲದ ಬೋರ್‌ವೆಲ್ ನೀರು ಗಡುಸಾಗಿದ್ದು ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 8ರ ಹತ್ತಿರ ಇರುವುದು ಸಾಮಾನ್ಯ. ಪಿಎಚ್ 7 ಇರುವ ನೀರಿನಲ್ಲಿ, 25 ಡಿಗ್ರಿ ಶಾಖದಲ್ಲಿ, ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಷ್ಟು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ನೂರಕ್ಕೆ 5 ಪಾಲು ದಾಟುತ್ತದೆ. 30 ಡಿಗ್ರಿಗೆ ಏರಿದರೆ 7 ಪಾಲು ದಾಟುತ್ತದೆ. ಅಂದರೆ ಬೆಂಗಳೂರಿನಲ್ಲಿ ಮೆದು ನೀರು ಹಾಕುವವರು ಹೇಳಿದ ಲೆಕ್ಕ ನಮಗೆ ನಡೆಯುವುದಿಲ್ಲ. ಬೇಟೆಯಾಡುವ ಮೀನು ತಿನ್ನುವುದೆಲ್ಲ ಮಾಂಸ, ಹೊಲಸೂ ಹೆಚ್ಚು. ಎರಡು ಫೂಟಿನ ಟ್ಯಾಂಕಿನಲ್ಲಿ ಆ ಹೊಲಸು ಕರಗಿ ಹಗುರಾಗಲು ನೀರೇ ಸಾಲದು. ಅಮೋನಿಯಾ ಪರೀಕ್ಷೆಯ ಕಿಟ್ ಒಂದನ್ನು ಕೊಳ್ಳಿ. ಹನಿ ಹಾಕಿ ಬಣ್ಣ ನೋಡುವ ಕಿಟ್ ಆದರೆ ಒಳ್ಳೆಯದು. ಅದರಲ್ಲಿ ಸೊನ್ನೆ ಬಿಟ್ಟು ಏನು ಬಂದರೂ ಆ ದಿನವೇ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ.

ಪಿಎಚ್ ಇಳಿಸುವ ದ್ರಾವಣ ಕೊಂಡು ಹನಿ ಹನಿ ಹಾಕುತ್ತ ಕೂರಬೇಡಿ. ಈ ಮೀನು ಮೆದು ನೀರಿನದಾದರೂ ಸ್ಥಿರವಾದ ಗಡುಸು ನೀರಿಗೆ ಹೊಂದಿಕೊಳ್ಳುತ್ತದೆ, ದಿನಕ್ಕೊಂದು ಥರ ಏರಿಳಿಯುವ ನೀರಿಗೆ ಹೊಂದಿಕೊಳ್ಳುವುದಿಲ್ಲ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ತಪ್ಪದೆ ಹಾಕಿ. ಮನೆಯಲ್ಲಿ ಉಳಿದ ಶಹಾಬಾದ್ ಫರ್ಸಿ ತುಂಡುಗಳನ್ನು ಟ್ಯಾಂಕಿನಲ್ಲಿ ಗುಹೆಯಂತೆ ಜೋಡಿಸುವವರನ್ನು ನೋಡಿದ್ದೇನೆ. ಅದು ಸುಣ್ಣದ ಕಲ್ಲು, ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯುವುದು ಕಾಣುತ್ತದೆ. ಒಡೆದ ಅಂಚು ಮೀನಿನ ಹೊಟ್ಟೆಯನ್ನೂ ಗೀರುತ್ತದೆ. ಆ ಫರ್ಸಿ ಮುಚ್ಚಳದ ಮೂಲೆಯ ಮೇಲೆ ತೂಕಕ್ಕೆ ಚೆನ್ನ, ನೀರಿನೊಳಗೆ ಬೇಡ. ಅಡಗಲು ಎರಡು ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಹಾಕಿ, ಕತ್ತರಿಸಿದ ಅಂಚನ್ನು ಮರಳು ಕಾಗದದಿಂದ ಉಜ್ಜಿ. ಒಂದೇ ಪೈಪಿನಲ್ಲಿ ಎರಡೂ ಮೀನು ಜೊತೆಯಾಗಿ ಮಲಗುವುದನ್ನು ನೋಡುವಿರಿ, ಇವಕ್ಕೆ ತಮ್ಮವರ ಸಂಗ ಇಷ್ಟ. ತಳಕ್ಕೆ ಚೆನ್ನಾಗಿ ತೊಳೆದ ಸಣ್ಣ ಮರಳು ಸಾಕು.

ಟ್ಯಾಂಕ್ ಬದಲಿಸದೆ ಗತಿಯಿಲ್ಲ. ಎರಡು ಮೀನಿಗೆ ಕನಿಷ್ಠ ನಾಲ್ಕು ಫೂಟು ಉದ್ದ, ಒಂದೂವರೆ ಫೂಟು ಅಗಲ, ಒಂದೂವರೆ ಫೂಟು ಎತ್ತರದ್ದು ಬೇಕು. ತುಂಬ ತುಂಬಿದರೆ ಸುಮಾರು 250 ಲೀಟರ್ ಹಿಡಿಯುತ್ತದೆ, ಮೇಲಿನ ಗಾಳಿಯ ಜಾಗ ಬಿಟ್ಟರೆ 215ರ ಹತ್ತಿರ. ಗಾಜು, ಮರಳು ಸೇರಿ ತೂಕ ಕಾಲು ಟನ್ ದಾಟುತ್ತದೆ, ಹಳೆಯ ಮೇಜಿನ ಮೇಲೆ ಇಡುವಂಥದ್ದಲ್ಲ. ಎತ್ತರಕ್ಕೆ ದುಡ್ಡು ಹಾಕಬೇಡಿ. ಗಾಳಿಗಾಗಿ ಮೇಲೆ ಕೆಳಗೆ ಓಡಾಡುವ ಮೀನಿಗೆ ಎತ್ತರದ ಟ್ಯಾಂಕ್ ಬರೀ ದಣಿವು.

ಬೇಸಿಗೆಯ ವಿಷಯಕ್ಕೆ ಬಂದರೆ, ಈ ಮೀನಿಗೆ ಹಿತವಾದ ಶಾಖ 24ರಿಂದ 28 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42, 43 ಇದ್ದಾಗ ಮಾಳಿಗೆಯ ಕೆಳಗಿನ ಕೋಣೆಯಲ್ಲಿ ಟ್ಯಾಂಕಿನ ನೀರು 33 ದಾಟುವುದು ಕಷ್ಟವೇನಲ್ಲ. ಮೊದಲು ಜಾಗ ಬದಲಿಸಿ. ನೆಲಮಹಡಿಯ, ಪಡುವಣ ಗೋಡೆಗೆ ತಾಗದ, ಕೂಲರಿನ ಗಾಳಿ ಸುಳಿಯುವ ಕೋಣೆ ಆಗಲಿ. ನಮ್ಮ ಒಣ ಗಾಳಿ ಮೀನಿನ ಚರ್ಮಕ್ಕೆ ಶತ್ರುವಾದರೂ ಟ್ಯಾಂಕಿನ ನೀರಿಗೆ ಇಲ್ಲಿ ಮಿತ್ರ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಹಾಯಿಸಿದರೆ ನೀರು ಆವಿಯಾಗುತ್ತ ಎರಡರಿಂದ ನಾಲ್ಕು ಡಿಗ್ರಿ ತಣಿಯುತ್ತದೆ. ಆದರೆ ಗಾಜಿನ ಮುಚ್ಚಳ ಇದ್ದರೆ ಗಾಳಿ ಒಳಹೋಗದು, ತೆಗೆದರೆ ಮೀನು ಹೊರಬರುತ್ತದೆ. ಇದಕ್ಕೆ ದಾರಿ ಎಂದರೆ ಜಾಲಿಯ ಮುಚ್ಚಳ. ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಜಾಲಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿಸಿ, ಟ್ಯಾಂಕಿನ ಅಳತೆಗೆ ಸರಿಯಾಗಿ ಮಾಡಿಸಿ. ಕಿಟಕಿ ಮಾಡುವ ಅಂಗಡಿಯವರೇ ಮಾಡಿಕೊಡುತ್ತಾರೆ. ಮಾರ್ಚ್‌ನಿಂದ ಜೂನ್‌ವರೆಗೆ ಜಾಲಿ, ಉಳಿದ ಕಾಲಕ್ಕೆ ಗಾಜು.

ಹೀಗೆ ಆವಿಯಾಗುವಾಗ ನೀರು ಹೋಗುತ್ತದೆ, ಉಪ್ಪು ಸುಣ್ಣ ಅಲ್ಲೇ ಉಳಿಯುತ್ತದೆ. ಬೋರ್‌ವೆಲ್ ನೀರನ್ನೇ ಮತ್ತೆ ಮತ್ತೆ ಸುರಿದರೆ ಗಡುಸು ಏರುತ್ತಲೇ ಹೋಗುತ್ತದೆ. ಆವಿಯಾದಷ್ಟನ್ನು ತುಂಬಲು ಆರ್‌ಒ ನೀರು ಬಳಸಿ, ವಾರಕ್ಕೊಮ್ಮೆ ಬದಲಿಸುವಾಗ ಮಾಮೂಲಿ ನೀರು ಹಾಕಿ. ಐಸ್ ತುಂಬಿದ ಬಾಟಲಿಯನ್ನು ತೇಲಿಬಿಡುವುದು ಅನಿವಾರ್ಯವಾದಾಗ ಮಾತ್ರ, ಅದೂ ಚಿಕ್ಕ ಬಾಟಲಿ. ಕರೆಂಟು ಹೋದಾಗ ರೋಪ್ ಫಿಶ್ ತನ್ನ ಶ್ವಾಸಕೋಶದಿಂದ ನಿಭಾಯಿಸುತ್ತದೆ, ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಶ್ವಾಸಕೋಶ ಇಲ್ಲ. ಅವು ಸತ್ತರೆ ಮರುದಿನವೇ ನೀರು ವಿಷವಾಗುತ್ತದೆ. ಚಾರ್ಜ್ ಆಗುವ ಬ್ಯಾಟರಿಯ ಏರ್ ಪಂಪನ್ನು ಸ್ಪಂಜ್ ಫಿಲ್ಟರಿಗೆ ಜೋಡಿಸಿಟ್ಟಿರಿ. ಮೀನಿಗಿಂತ ಮೊದಲು ಆ ಸ್ಪಂಜನ್ನು ಉಳಿಸಿಕೊಳ್ಳಬೇಕು.

ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣ, ಜಿರಲೆಯ ಸ್ಪ್ರೇ ಯಾವುದನ್ನೂ ಆ ಕೋಣೆಯಲ್ಲಿ ಬಳಸಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗಿಂತ ಮೀನಿಗೆ ಬಹಳ ಪಾಲು ವಿಷ. ಏರ್ ಪಂಪು ಆ ಗಾಳಿಯನ್ನೇ ನೀರಿಗೆ ಊದುತ್ತದೆ, ನಿಮ್ಮ ಮೀನು ಅದನ್ನೇ ಒಳಗೂ ಎಳೆದುಕೊಳ್ಳುತ್ತದೆ. ಚಳಿಗಾಲದ ಮಾತು ಚಿಕ್ಕದು: ಡಿಸೆಂಬರಿನ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಹೀಟರ್ ಬೇಕು, ಅದಕ್ಕೆ ಪ್ಲಾಸ್ಟಿಕ್ ಜಾಲರಿಯ ಕವಚವೂ ಬೇಕು. ಇಲ್ಲದಿದ್ದರೆ ಮೀನು ಹೀಟರಿಗೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ.

ಊಟದ ಮಾತು ಸುಲಭ. ಇದರ ಕಣ್ಣು ಮಂದ, ಮೂಗು ಬಲು ಚುರುಕು, ಓಡಾಟ ರಾತ್ರಿಯದು. ಗಪ್ಪಿಗಳು ರಾತ್ರಿ ಅಲುಗಾಡದೆ ನಿಂತಾಗ ಒಂದೊಂದಾಗಿ ಇದರ ಬಾಯಿಗೆ ಹೋಗಿವೆ. ಹಗಲು ಹಾಕಿದ ಒಣ ಕಾಳು ಅದಕ್ಕೆ ಆಹಾರವೆಂದೇ ಗೊತ್ತಾಗುವುದಿಲ್ಲ. ದೀಪ ಆರಿಸಿ ಅರ್ಧ ಗಂಟೆ ಬಿಟ್ಟು, ಉದ್ದ ಚಿಮಟದಲ್ಲಿ ಎರೆಹುಳು ಹಿಡಿದು ಮೂತಿಯ ಹತ್ತಿರ ಮೆಲ್ಲಗೆ ಆಡಿಸಿ. ಸಿಪ್ಪೆ ಸುಲಿದ ಸಿಗಡಿಯ ಸಣ್ಣ ಚೂರು, ಮುಳ್ಳು ತೆಗೆದ ಮೀನಿನ ಎಳೆ, ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಇವೂ ಆಗುತ್ತವೆ. ಗೇಣುದ್ದದ ಮೀನಿಗೆ ದಿನ ಬಿಟ್ಟು ದಿನ, ಬೆಳೆದ ಮೇಲೆ ವಾರಕ್ಕೆ ಎರಡು ಮೂರು ಸಲ. ಬೆಳಿಗ್ಗೆ ಉಳಿದ ಚೂರನ್ನು ತೆಗೆದು ಹಾಕಿ.

ಎರೆಹುಳುವನ್ನು ಎಲ್ಲಿಂದ ತರುತ್ತೀರಿ ಎಂಬುದು ಮುಖ್ಯ. ತೊಗರಿ ಹೊಲದ ಬದುವಿನಿಂದ ತರಬೇಡಿ. ಕಾಯಿಕೊರಕಕ್ಕೆ ಹೊಡೆದ ಔಷಧಿ ಮಣ್ಣಿಗೂ ಹುಳುವಿಗೂ ಇಳಿದಿರುತ್ತದೆ. ಎರೆಗೊಬ್ಬರ ಮಾಡುವವರ ಹತ್ತಿರ ಕೇಳಿ. ಅಲ್ಲಿನ ಸಣ್ಣ ಪಟ್ಟೆಯ ಕೆಂಪು ಹುಳು ಮುಟ್ಟಿದರೆ ಹಳದಿ ರಸ ಬಿಡುತ್ತದೆ, ಎಷ್ಟೋ ಮೀನುಗಳು ಅದನ್ನು ಉಗುಳುತ್ತವೆ. ದಪ್ಪನೆಯ ಆಫ್ರಿಕಾದ ಎರೆಹುಳು ಸಿಕ್ಕರೆ ಅದನ್ನೇ ಆರಿಸಿ. ಒಂದು ದಿನ ಒದ್ದೆ ಕಾಗದದಲ್ಲಿಟ್ಟು ಹೊಟ್ಟೆಯ ಮಣ್ಣು ಖಾಲಿಯಾದ ಮೇಲೆ ಹಾಕಿ. ಜೀವಂತ ಗೋಲ್ಡ್ ಫಿಶ್ ಹಾಕುವ ಅಭ್ಯಾಸ ಮಾತ್ರ ಬೇಡವೇ ಬೇಡ. ರೋಗ ತರುವುದು ಒಂದು, ಅದರ ಮಾಂಸದಲ್ಲಿರುವ ಥಯಾಮಿನೇಸ್ ಬಿ1 ವಿಟಮಿನ್ ಅನ್ನು ನಾಶ ಮಾಡುವುದು ಇನ್ನೊಂದು. ಕೋಳಿ, ಕುರಿ ಮಾಂಸವೂ ಬೇಡ, ಆ ಕೊಬ್ಬು ಇದಕ್ಕೆ ಅರಗುವುದಿಲ್ಲ.

ಮಾರುಕಟ್ಟೆಗೆ ಬರುವ ರೋಪ್ ಫಿಶ್ ಹೆಚ್ಚಿನವು ಕಾಡಿನ ನೀರಿನಲ್ಲಿ ಹಿಡಿದವು. ಮೈಮೇಲೆ ಸಣ್ಣ ಬಿಳಿ ದಾರದ ಚೂರಿನಂಥ ಹುಳು ಅಂಟಿ ಆಡುತ್ತಿದ್ದರೆ, ಮೀನು ಪೈಪಿಗೆ ಮೈ ತಿಕ್ಕುತ್ತಿದ್ದರೆ, ಅದು ಬಿಚಿರ್ ಕುಲಕ್ಕೇ ಮೀಸಲಾದ ಪರೋಪಜೀವಿ. ಪ್ರಾಜಿಕ್ವಾಂಟೆಲ್ ಎಂಬ ಔಷಧಿಗೆ ಬಗ್ಗುತ್ತದೆ. ಪ್ರಮಾಣವನ್ನು ಅಂದಾಜಿಗೆ ಹಾಕದೆ, ಹುಳುವಿನ ಫೋಟೊ ಕಳಿಸಿ ಕೇಳಿ.

ಜೊತೆಗೆ ಯಾರನ್ನು ಬಿಡಬಹುದು? ಇದರ ಬಾಯಿಗೆ ಹಿಡಿಯದ, ಆದರೆ ಇದನ್ನು ಕಚ್ಚಿ ಕಾಡದ ಮೀನು. ಪರ್ಲ್ ಗೌರಾಮಿ, ಕಾಂಗೊ ಟೆಟ್ರಾ ಆಗುತ್ತವೆ. ಟೈಗರ್ ಬಾರ್ಬ್ ರೆಕ್ಕೆ ಕಚ್ಚುತ್ತದೆ. ಗಾಜು ಶುಚಿ ಮಾಡಲೆಂದು ಕೊಡುವ ಸಕ್ಕರ್ ಮೀನು ರಾತ್ರಿ ಇದರ ಮೈಗೆ ಅಂಟಿ ಲೋಳೆ ಹೆರೆಯುತ್ತದೆ, ಚರ್ಮದಿಂದ ಉಸಿರಾಡುವ ಮೀನಿಗೆ ಅದಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ.

ಕೊನೆಯದಾಗಿ ಭೀಮಾ ಹೊಳೆಯ ಹಾವುಮೀನು. ಉರ್ದು ಮಾತಾಡುವವರು ಬಾಮ್ ಎನ್ನುವ ಇದು ಮಸ್ಟಸೆಂಬೆಲಸ್ ಆರ್ಮೇಟಸ್, ಮುಳ್ಳು ಈಲ್‌ಗಳ ಗುಂಪಿನದು. ಮಗನ ಕುತೂಹಲ ನನಗೆ ನಿಜವಾಗಿ ಇಷ್ಟವಾಯಿತು. ನಮ್ಮ ಹೊಳೆಯಲ್ಲೇ ಇಂಥ ಚೆಂದದ ಬೇಟೆಗಾರ ಇದೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಆದರೆ ಅದು 90 ಸೆಂಟಿಮೀಟರ್‌ವರೆಗೆ ಬೆಳೆಯುವ ಮೀನು. ಮರಳಿನಲ್ಲಿ ಹೂತುಕೊಂಡು ಬದುಕುವುದು, ಬೆನ್ನಿನ ಮೇಲೆ ಬಿಡಿ ಮುಳ್ಳುಗಳ ಸಾಲು. ರೋಪ್ ಫಿಶ್ ಜೊತೆ ಬಿಟ್ಟರೆ ಊಟವನ್ನೆಲ್ಲ ಅದೇ ಕಸಿದುಕೊಳ್ಳುತ್ತದೆ. ಹೊಳೆಯ ಪರೋಪಜೀವಿಗಳೂ ಜೊತೆಗೆ ಬರುತ್ತವೆ. ಅವನಿಗೆ ಅದೇ ಬೇಕಿದ್ದರೆ ಮುಂದೆ ಆರು ಫೂಟಿನ ಬೇರೆ ಟ್ಯಾಂಕ್ ಮಾಡಿದಾಗ ನೋಡೋಣ. ಸದ್ಯಕ್ಕೆ ಅವನನ್ನು ಬೆಳಿಗ್ಗೆ ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಹಾವುಮೀನಿನ ಮೂತಿ, ಮುಳ್ಳು ಎಲ್ಲವನ್ನೂ ಹತ್ತಿರದಿಂದ ನೋಡಲಿ.

ಅದೇ ರೀತಿ ನಿಮ್ಮ ಮನೆಯ ಮೀನು ಹೊಳೆಗೆ ಹೋಗಬಾರದು. ದೊಡ್ಡ ಟ್ಯಾಂಕ್ ಆಗುವುದಿಲ್ಲ ಅನಿಸಿದರೆ ಶರಣಬಸವೇಶ್ವರ ಕೆರೆಗೋ ಭೀಮೆಗೋ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣದ ಎಷ್ಟೋ ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ತಂದ ಅಂಗಡಿಗೆ ಮರಳಿಸಿ, ಇಲ್ಲವೇ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ. ಇಟ್ಟುಕೊಳ್ಳುವುದಾದರೆ ನಾಳೆ ಬೆಳಿಗ್ಗೆ ಟ್ಯಾಂಕಿನ ನೀರಿನ ಅಮೋನಿಯಾ, ಪಿಎಚ್, ಶಾಖ, ಇವುಗಳ ಜೊತೆಗೆ ನೀವು ತುಂಬಿಸುವ ಮೂಲ ನೀರಿನ ಪಿಎಚ್ ಅಳೆದು ಬರೆದು ಕಳಿಸಿ. ಹೊಸ ಟ್ಯಾಂಕ್ ಬರುವವರೆಗೆ ದಿನಕ್ಕೆ ಎಷ್ಟು ನೀರು ಬದಲಿಸಬೇಕು ಎಂದು ಅದನ್ನು ನೋಡಿ ಹೇಳುತ್ತೇನೆ.